ತಂಡದ ಗುರಿಗಳಿಗೆ ಗೂಗಲ್ ಶೀಟ್ಸ್: ಎಲ್ಲಿಯವರೆಗೆ ಸಾಕು, ಎಲ್ಲಿ ಸಾಲದು

ಮೂರು ತಿಂಗಳ ಗುರಿಗಳನ್ನು ಬರೆದಿಟ್ಟು, ವಾರವಾರ ಅಳೆದು, ಕೊನೆಗೆ ಎಷ್ಟು ಮುಟ್ಟಿದೆವು ಎಂದು ಲೆಕ್ಕ ಒಪ್ಪಿಸಲು ತಂಡಗಳು ಬಳಸುವ ಸಾಧನಗಳು ಸ್ಥೂಲವಾಗಿ ಮೂರು ಬಗೆ. ಗೂಗಲ್ ಶೀಟ್ಸ್‌ನಂಥ ಸ್ಪ್ರೆಡ್‌ಶೀಟ್ ಒಂದು. ಜಿರಾ, ಅಸಾನಾದಂಥ ಕೆಲಸ ಹಂಚುವ ತಂತ್ರಾಂಶಗಳು ಇನ್ನೊಂದು. ಗುರಿ ನಿರ್ವಹಣೆಗೆಂದೇ ಕಟ್ಟಿದ ಓಕೆಆರ್ (ಆಬ್ಜೆಕ್ಟಿವ್ಸ್ ಅಂಡ್ ಕೀ ರಿಸಲ್ಟ್ಸ್, ಅಂದರೆ ಗುರಿಗಳು ಮತ್ತು ಅವನ್ನು ಅಳೆಯುವ ಮುಖ್ಯ ಫಲಿತಾಂಶಗಳು) ತಂತ್ರಾಂಶಗಳು ಮತ್ತೊಂದು. ಐದಾರು ತಂಡಗಳವರೆಗಿನ ಸಂಸ್ಥೆ, ಅದರಲ್ಲೂ ಗುರಿ ಅಳೆಯುವುದನ್ನು ಈಗಷ್ಟೇ ಶುರುಮಾಡುತ್ತಿರುವ ಸಂಸ್ಥೆ, ಮೊದಲನೆಯದನ್ನೇ ಹಿಡಿಯುವುದು ಒಳ್ಳೆಯದು. ಶೀಟ್ಸ್‌ಗೆ ನಮ್ಮ ಅಂಕ ಐದರಲ್ಲಿ ನಾಲ್ಕು. ಆ ಒಂದು ಅಂಕ ಎಲ್ಲಿ ಹೋಯಿತು ಎಂಬುದು ಮುಂದೆ ಬರುತ್ತದೆ.

ಶೀಟ್ಸ್ ಎಲ್ಲರಿಗೂ ಗೊತ್ತು, ಸುಲಭವಾಗಿ ಸಿಗುತ್ತದೆ ಎನ್ನುವುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ ಇದೆ. ಸಿದ್ಧ ತಂತ್ರಾಂಶ ಪ್ರಗತಿಯ ಶೇಕಡಾವಾರನ್ನು ತಾನೇ ಲೆಕ್ಕ ಹಾಕಿ, ಹಸಿರು ಪಟ್ಟಿ ಬಳಿದು ಮುಂದಿಡುತ್ತದೆ. ಆ ಸಂಖ್ಯೆ ಹೇಗೆ ಬಂತು ಎಂದು ಯಾರೂ ವಿಚಾರಿಸುವುದಿಲ್ಲ. ಶೀಟ್‌ನಲ್ಲಿ ಲೆಕ್ಕದ ಸೂತ್ರ ಕಣ್ಣೆದುರಿಗೇ ಇರುತ್ತದೆ; ಸೆಲ್ ಮೇಲೆ ಒತ್ತಿದರೆ ಸಾಕು. ಗುರಿ ಅಳೆಯುವುದರಲ್ಲಿ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಅಡಗಿರುವುದು ಆ ಸೂತ್ರದೊಳಗೆ ಮತ್ತು ಅದಕ್ಕೆ ಉಣಿಸುವ ಮೊದಲ ಅಂಕಿಯೊಳಗೆ. ಅದನ್ನು ಒಮ್ಮೆ ಕೈಯಾರೆ ಮಾಡಿ ಕಲಿತ ತಂಡ ಮುಂದೆ ಯಾವ ತಂತ್ರಾಂಶಕ್ಕೆ ಹೋದರೂ ಮೋಸಹೋಗುವುದಿಲ್ಲ.

ಶೀಟ್ ಹೀಗಿರಲಿ

ಗುರಿಗೊಂದು ಸಾಲು ಎಂದು ಶುರುಮಾಡುವುದು ಸಾಮಾನ್ಯ. ಹಾಗೆ ಮಾಡಬೇಡಿ, ಅಳತೆಗೊಂದು ಸಾಲು ಇರಲಿ. ‘ಗ್ರಾಹಕರ ದೂರುಗಳಿಗೆ ಬೇಗ ಪರಿಹಾರ ಸಿಗಬೇಕು’ ಎನ್ನುವುದು ಗುರಿ. ‘ದೂರು ಬಂದಾಗಿನಿಂದ ಮುಗಿಯುವವರೆಗಿನ ಸರಾಸರಿ ಸಮಯ 48 ಗಂಟೆಯಿಂದ 24 ಗಂಟೆಗೆ’ ಎನ್ನುವುದು ಅಳತೆ. ಒಂದು ಗುರಿಗೆ ಎರಡರಿಂದ ನಾಲ್ಕು ಅಳತೆ, ಒಂದು ತಂಡಕ್ಕೆ ಹೆಚ್ಚೆಂದರೆ ಮೂರು ಗುರಿ. ಸಾಲುಗಳು ಹನ್ನೆರಡು ದಾಟಿದವೆಂದರೆ ಅದು ಗುರಿಗಳ ಪಟ್ಟಿಯಾಗಿ ಉಳಿದಿಲ್ಲ, ಮಾಡಬೇಕಾದ ಕೆಲಸಗಳ ಪಟ್ಟಿಯಾಗಿದೆ ಎಂದೇ ತಿಳಿಯಬೇಕು.

ಗುರಿ ಮತ್ತು ಅಳತೆಯನ್ನು ಹೀಗೆ ಬೇರ್ಪಡಿಸುವ ಪದ್ಧತಿ ಹೊಸದೇನಲ್ಲ. ಗುರಿಗಳ ಮೂಲಕ ನಿರ್ವಹಣೆ ಎಂಬ ವಿಚಾರವನ್ನು ನಿರ್ವಹಣಾ ಚಿಂತಕ ಪೀಟರ್ ಡ್ರಕರ್ 1954ರಲ್ಲಿ ಮುಂದಿಟ್ಟರು. 1970ರ ದಶಕದಲ್ಲಿ ಚಿಪ್ ತಯಾರಿಸುವ ಇಂಟೆಲ್‌ನಲ್ಲಿ ಅದರ ಮುಖ್ಯಸ್ಥರಲ್ಲೊಬ್ಬರಾದ ಆಂಡಿ ಗ್ರೋವ್ ಅದನ್ನು ಪಳಗಿಸಿ, ಎಲ್ಲಿಗೆ ಹೋಗಬೇಕು ಎನ್ನುವುದನ್ನು ಒಂದು ಮಾತಿನಲ್ಲೂ, ಅಲ್ಲಿಗೆ ತಲುಪಿದೆವೆಂದು ಹೇಗೆ ಗೊತ್ತಾಗುತ್ತದೆ ಎನ್ನುವುದನ್ನು ಕೆಲವು ಅಂಕಿಗಳಲ್ಲೂ ಬರೆಯುವ ಕ್ರಮ ತಂದರು. ಇಂಟೆಲ್‌ನಲ್ಲಿ ಅದನ್ನು ಕಲಿತಿದ್ದ ಹೂಡಿಕೆದಾರ ಜಾನ್ ಡೋರ್ 1999ರಲ್ಲಿ ಆಗಿನ್ನೂ ಪುಟ್ಟದಾಗಿದ್ದ ಗೂಗಲ್‌ಗೆ ಪರಿಚಯಿಸಿದರು. ಓಕೆಆರ್ ಎಂಬ ಹೆಸರು ಜಗತ್ತಿಗೆ ಹಬ್ಬಿದ್ದು ಅಲ್ಲಿಂದ.

ಕಾಲಂಗಳು ಎಡದಿಂದ ಬಲಕ್ಕೆ ಹೀಗೆ ಬರಲಿ: ಗುರಿ, ಅಳತೆ, ಅಂಕಿಯ ಮೂಲ, ಹೊಣೆ, ಬಗೆ, ಆರಂಭ, ತಲುಪಬೇಕಾದದ್ದು, ಈಗ, ಅಂಕಿ ತುಂಬಿದ ದಿನಾಂಕ, ಪ್ರಗತಿ, ಭರವಸೆ, ಟಿಪ್ಪಣಿ. ಇವುಗಳಲ್ಲಿ ಹೆಚ್ಚಾಗಿ ಖಾಲಿ ಉಳಿಯುವುದು ‘ಅಂಕಿಯ ಮೂಲ’. ಆಮೇಲೆ ಜಗಳ ಹುಟ್ಟುವುದೂ ಅಲ್ಲೇ. ದೂರು ಮುಗಿಸುವ ಸಮಯ ಎಂದರೆ ಯಾವ ವರದಿಯದು? ರಜಾದಿನಗಳು ಸೇರಿವೆಯೇ? ಗ್ರಾಹಕರ ಉತ್ತರಕ್ಕೆ ಕಾದ ಗಂಟೆಗಳು ಸೇರಿವೆಯೇ? ಇದನ್ನು ಮೊದಲ ವಾರದಲ್ಲೇ ಒಂದು ವಾಕ್ಯದಲ್ಲಿ ಬರೆದಿಡದಿದ್ದರೆ, ಹತ್ತನೆಯ ವಾರದಲ್ಲಿ ಇಬ್ಬರು ಎರಡು ಸಂಖ್ಯೆ ತರುತ್ತಾರೆ, ಎರಡೂ ಸರಿಯಾಗಿಯೇ ಇರುತ್ತವೆ.

‘ಹೊಣೆ’ ಕಾಲಂನಲ್ಲಿ ಒಬ್ಬರ ಹೆಸರು ಮಾತ್ರ ಇರಬೇಕು. ಕೆಲಸ ಹತ್ತು ಜನ ಮಾಡಲಿ, ಅಂಕಿ ತುಂಬುವವರು ಒಬ್ಬರೇ ಆಗಿರಲಿ. ಎರಡು ಹೆಸರು ಬರೆದ ಸಾಲುಗಳೇ ಮೊದಲು ಹಳಸುವುದು, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ತುಂಬಿಯಾರು ಎಂದುಕೊಂಡಿರುತ್ತಾರೆ.

‘ಬಗೆ’ ಕಾಲಂಗೆ ಡೇಟಾ ವ್ಯಾಲಿಡೇಶನ್ ಬಳಸಿ ಡ್ರಾಪ್‌ಡೌನ್ ಕೊಡಿ: ಮುಟ್ಟಲೇಬೇಕಾದದ್ದು, ಎತ್ತರದ್ದು (ಪೂರ್ತಿ ಮುಟ್ಟುವುದು ಕಷ್ಟವೆಂದು ಗೊತ್ತಿದ್ದೇ ಇಟ್ಟದ್ದು), ಕಾಯ್ದುಕೊಳ್ಳುವುದು. ಪಟ್ಟಿಯಲ್ಲಿಲ್ಲದ್ದನ್ನು ಟೈಪ್ ಮಾಡಿದರೆ ತಿರಸ್ಕರಿಸುವ ಆಯ್ಕೆಯನ್ನೂ ಹಾಕಿಡಿ. ಈ ಬಗೆ ಯಾಕೆ ಮುಖ್ಯವೆಂದರೆ, ಗೂಗಲ್‌ನ ಪದ್ಧತಿಯಲ್ಲಿ 0ರಿಂದ 1ರವರೆಗೆ ಅಂಕ ಕೊಡುತ್ತಾರೆ, ಎತ್ತರಕ್ಕಿಟ್ಟ ಗುರಿಗೆ 0.6ರಿಂದ 0.7 ಬಂದರೆ ಒಳ್ಳೆಯ ಫಲ ಎನ್ನುತ್ತಾರೆ. ಮುಟ್ಟಲೇಬೇಕಾದ ಗುರಿಗೆ ಈ ರಿಯಾಯಿತಿ ಇಲ್ಲ, ಅಲ್ಲಿ 1.0 ಬರಲೇಬೇಕು. ಬಗೆ ಬರೆಯದ ಶೀಟ್‌ಗಳಲ್ಲಿ ಏನಾಗುತ್ತದೆ ಎಂದರೆ 0.7 ಎನ್ನುವುದು ಎಲ್ಲದಕ್ಕೂ ಪಾಸು ಮಾರ್ಕಾಗಿಬಿಡುತ್ತದೆ. ಕಾನೂನಿನ ಗಡುವಿಗೆ ಸಲ್ಲಿಸಬೇಕಾದ ಹತ್ತು ಪತ್ರಗಳಲ್ಲಿ ಏಳನ್ನು ಸಲ್ಲಿಸಿ ‘ಚೆನ್ನಾಗಿಯೇ ಆಯಿತು’ ಎನ್ನುವ ಪರಿಸ್ಥಿತಿ ಹಾಗೆ ಬರುತ್ತದೆ.

ಪ್ರಗತಿಯ ಸೂತ್ರ

ಹೆಚ್ಚಿನ ಸಿದ್ಧ ಟೆಂಪ್ಲೇಟುಗಳು ಕೆಡುವುದು ಇಲ್ಲಿ. ‘ಈಗ’ ಅಂಕಿಯನ್ನು ‘ತಲುಪಬೇಕಾದದ್ದು’ ಅಂಕಿಯಿಂದ ಭಾಗಿಸಿ ಶೇಕಡಾವಾರು ತೋರಿಸುತ್ತವೆ. ನೋಡಲು ಸಹಜವಾಗಿಯೇ ಕಾಣುತ್ತದೆ. ಆದರೆ ಗ್ರಾಹಕ ತೃಪ್ತಿಯನ್ನು 80ರಿಂದ 90ಕ್ಕೆ ಏರಿಸುವ ಗುರಿ ಇದ್ದರೆ, ಯಾರೂ ಬೆರಳೆತ್ತುವ ಮೊದಲೇ, ಮೊದಲ ದಿನವೇ, ಶೀಟ್ 89% ಎನ್ನುತ್ತದೆ. ಇಳಿಸಬೇಕಾದ ಅಳತೆಯ ಗತಿ ಇನ್ನೂ ಕೆಟ್ಟದ್ದು: 48 ಗಂಟೆಯಿಂದ 24ಕ್ಕೆ ಇಳಿಸುವ ಸಾಲು ಮೊದಲ ದಿನ 200% ತೋರಿಸಿ, ಕೆಲಸ ಸುಧಾರಿಸಿದಷ್ಟೂ ಕೆಳಗಿಳಿಯುತ್ತದೆ. ಗುರಿ ಮುಟ್ಟಿದ ದಿನ 100%ಕ್ಕೆ ‘ಇಳಿದಿರುತ್ತದೆ’.

ಸರಿಯಾದ ಲೆಕ್ಕ ಹೀಗೆ: ‘ಈಗ’ದಿಂದ ‘ಆರಂಭ’ವನ್ನು ಕಳೆಯಿರಿ, ‘ತಲುಪಬೇಕಾದದ್ದ’ರಿಂದಲೂ ‘ಆರಂಭ’ವನ್ನು ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಏರಿಸುವ ಅಳತೆಗೂ ಇಳಿಸುವ ಅಳತೆಗೂ ಇದೇ ಒಂದು ಸೂತ್ರ ಸಾಕು. 48ರಿಂದ 24ಕ್ಕೆ ಇಳಿಯಬೇಕಾದದ್ದು ಈಗ 36ರಲ್ಲಿದ್ದರೆ, ಋಣ 12 ಭಾಗ ಋಣ 24, ಅಂದರೆ 0.5. ದಾರಿಯ ಅರ್ಧಕ್ಕೆ ಬಂದಿದ್ದೇವೆ, ಶೀಟೂ ಅದನ್ನೇ ಹೇಳುತ್ತದೆ.

ಈ ಸೂತ್ರಕ್ಕೆ ಆರಂಭದ ಅಂಕಿ ಇಲ್ಲದೆ ನಡೆಯುವುದೇ ಇಲ್ಲ. ಅದು ಇದರ ದೊಡ್ಡ ಗುಣ. ‘ಈಗ ಎಷ್ಟಿದೆ ಗೊತ್ತಿಲ್ಲ, ಆದರೆ 90 ಮುಟ್ಟೋಣ’ ಎಂದು ಬರೆಯಲು ಹೊರಟವರನ್ನು ಶೀಟ್ ಅಲ್ಲೇ ನಿಲ್ಲಿಸುತ್ತದೆ. ಆರಂಭದ ಅಂಕಿ ಗೊತ್ತಿಲ್ಲದಿದ್ದರೆ ಊಹಿಸಿ ತುಂಬಬೇಡಿ. ಮೊದಲ ಮೂರು ವಾರಗಳ ಗುರಿಯೇ ‘ಅಳೆಯಲು ಶುರುಮಾಡುವುದು’ ಆಗಿರಲಿ, ಎಲ್ಲಿಗೆ ತಲುಪಬೇಕು ಎನ್ನುವುದನ್ನು ನಾಲ್ಕನೆಯ ವಾರ ತುಂಬಿದರಾಯಿತು.

ಸೂತ್ರದ ಮೇಲ್ಮಿತಿಯನ್ನು ಮಿನ್ ಫಂಕ್ಷನ್ ಬಳಸಿ 1ಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಒಂದು ಸಾಲು 1.8, ಇನ್ನೊಂದು 0.2 ಬಂದು ಸರಾಸರಿ 1.0 ಆಗಿ, ಎಲ್ಲವೂ ನೆರವೇರಿದಂತೆ ಕಾಣುತ್ತದೆ. ಕೆಳಮಿತಿಯನ್ನು ಮಾತ್ರ ಕಟ್ಟಬೇಡಿ. 48 ಗಂಟೆಯಲ್ಲಿದ್ದದ್ದು 52ಕ್ಕೆ ಹೋದರೆ ಪ್ರಗತಿ ಋಣ 0.17 ಎಂದು ಬರುತ್ತದೆ. ಅದು ಹಾಗೆಯೇ ಕಾಣಲಿ. ಸೊನ್ನೆ ಎಂದು ತೋರಿಸಿದರೆ ‘ಇನ್ನೂ ಶುರುವಾಗಿಲ್ಲ’ ಎಂಬ ಅರ್ಥ ಬರುತ್ತದೆ, ನಿಜಕ್ಕೂ ಆಗುತ್ತಿರುವುದು ಹಿನ್ನಡೆ.

ಕಾಯ್ದುಕೊಳ್ಳುವ ಗುರಿಗೆ ಈ ಸೂತ್ರ ಒಗ್ಗುವುದಿಲ್ಲ. ಸೇವೆ 99.9% ಹೊತ್ತು ಚಾಲ್ತಿಯಲ್ಲಿರಬೇಕು, ಈಗಲೂ ಅಷ್ಟೇ ಇದೆ ಎಂದರೆ ಆರಂಭ ಮತ್ತು ಗುರಿ ಒಂದೇ ಆಗಿ, ಸೊನ್ನೆಯಿಂದ ಭಾಗಿಸಿದ ದೋಷ ಸೆಲ್‌ನಲ್ಲಿ ಬಂದು ಕೂರುತ್ತದೆ. ಅದನ್ನು ಮುಚ್ಚಲು ಕೆಲವರು ಆರಂಭವನ್ನು ಸುಳ್ಳಾಗಿ 99 ಎಂದು ತುಂಬುತ್ತಾರೆ. ಅದರ ಬದಲು, ಇಂಥ ಸಾಲಿಗೆ ‘ಮಿತಿಯೊಳಗಿದ್ದ ವಾರಗಳು ಭಾಗ ಕಳೆದ ವಾರಗಳು’ ಎಂಬ ಬೇರೆ ಲೆಕ್ಕ ಇಡಿ. ಜೊತೆಗೆ ಶೇಕಡಾವನ್ನು ಕೈಗೆ ಸಿಗುವ ಅಂಕಿಗೆ ಇಳಿಸಿ ಬರೆದರೆ ಇನ್ನೂ ಒಳ್ಳೆಯದು. 30 ದಿನಗಳ ತಿಂಗಳಲ್ಲಿ 99.9% ಎಂದರೆ ಒಟ್ಟು 43 ನಿಮಿಷದಷ್ಟು ಸ್ಥಗಿತಕ್ಕೆ ಮಾತ್ರ ಅವಕಾಶ. ‘ಈ ತಿಂಗಳು 31 ನಿಮಿಷ ಖರ್ಚಾಗಿದೆ, 12 ಉಳಿದಿದೆ’ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

ಆಗಿದೆ ಅಥವಾ ಆಗಿಲ್ಲ ಎನ್ನುವಂಥ ಕೆಲಸಗಳಿಗೂ, ಉದಾಹರಣೆಗೆ ಹೊಸ ವೇತನ ವ್ಯವಸ್ಥೆಗೆ ಬದಲಾಗುವುದಕ್ಕೆ, ಶೇಕಡಾವಾರನ್ನು ಅಂದಾಜಿನಿಂದ ತುಂಬಿಸಬಾರದು. ಅಂದಾಜು 90ರವರೆಗೆ ಸರಾಗವಾಗಿ ಏರಿ, ಅಲ್ಲೇ ವಾರಗಟ್ಟಲೆ ಬೀಡುಬಿಡುತ್ತದೆ. ಮೊದಲೇ ಹಂತ ಕಟ್ಟಿ: ಹಳೆಯ ಮಾಹಿತಿ ಪೂರ್ತಿ ವರ್ಗವಾದರೆ 0.3, ಒಂದು ವಿಭಾಗದ ಒಂದು ತಿಂಗಳ ಸಂಬಳ ಎರಡೂ ವ್ಯವಸ್ಥೆಯಲ್ಲಿ ತಾಳೆಯಾದರೆ 0.6, ಎಲ್ಲರ ಸಂಬಳ ಹೊಸದರಿಂದಲೇ ಹೋದರೆ 1.0. ನಡುವಿನ ಅಂಕಿ ತುಂಬಲು ಡ್ರಾಪ್‌ಡೌನ್ ಬಿಡದಂತೆ ಮಾಡಿ.

ಶೇಕಡಾವಾರು ಅಳತೆಗಳಿಗೆ ಇನ್ನೊಂದು ಎಚ್ಚರಿಕೆ. ಸಮೀಕ್ಷೆಗೆ ಉತ್ತರಿಸಿದವರು 20 ಜನ ಮಾತ್ರವಾದರೆ ಒಬ್ಬರು ಮನಸ್ಸು ಬದಲಿಸಿದರೂ ಅಂಕಿ 5 ಪಾಯಿಂಟ್ ಜಿಗಿಯುತ್ತದೆ. 80ರಿಂದ 85ಕ್ಕೆ ಏರಿತು ಎಂಬ ಸಂಭ್ರಮಕ್ಕೆ ಅಲ್ಲಿ ಆಧಾರವಿಲ್ಲ. ಆದ್ದರಿಂದ ಶೇಕಡಾವನ್ನಷ್ಟೇ ತುಂಬದೆ, ಮೇಲಿನ ಸಂಖ್ಯೆ ಮತ್ತು ಕೆಳಗಿನ ಸಂಖ್ಯೆ ಎರಡನ್ನೂ ಪಕ್ಕದ ಟ್ಯಾಬ್‌ನಲ್ಲಿ ತುಂಬಿ, ಶೇಕಡಾವನ್ನು ಶೀಟೇ ಲೆಕ್ಕ ಹಾಕಲಿ.

ಗುರಿಯ ಒಟ್ಟು ಅಂಕವನ್ನು ಅದರ ಅಳತೆಗಳ ಸರಾಸರಿಯಿಂದ ತೆಗೆಯುವುದು ವಾಡಿಕೆ. ಮೂರು ಅಳತೆಗಳು 1.0, 1.0, 0.1 ಎಂದಿದ್ದರೆ ಸರಾಸರಿ ಸರಿಯಾಗಿ 0.7, ನೋಡಿದವರಿಗೆ ತೃಪ್ತಿ. ಆದರೆ ಆ 0.1 ಪಡೆದದ್ದೇ ಗುರಿಯ ಜೀವಾಳವಾಗಿದ್ದರೆ? ಸರಾಸರಿಯ ಪಕ್ಕದಲ್ಲೇ ಕನಿಷ್ಠ ಅಂಕವನ್ನೂ ತೋರಿಸುವ ಒಂದು ಸೆಲ್ ಇಡಿ. ನಾವು ಸಲಹೆ ಮಾಡುವ ಎಲ್ಲ ಬದಲಾವಣೆಗಳಲ್ಲಿ ಇದಕ್ಕೆ ಅತಿ ಕಡಿಮೆ ಶ್ರಮ ಸಾಕು, ಮೀಟಿಂಗಿನ ಮಾತನ್ನು ಅತಿ ಹೆಚ್ಚು ಬದಲಿಸುವುದೂ ಇದೇ.

ವಾರದ ಇಪ್ಪತ್ತು ನಿಮಿಷ

ಮೀಟಿಂಗಿಗೆ ಮೊದಲೇ ಅಂಕಿ ತುಂಬಿರಬೇಕು. ಮೀಟಿಂಗಿನಲ್ಲಿ ಕೂತು ತುಂಬಿದರೆ ಇಡೀ ಹೊತ್ತು ‘ಎಷ್ಟಾಯಿತು’ ಎಂದು ಕೇಳುವುದರಲ್ಲೇ ಕಳೆದು, ‘ಯಾಕೆ’ ಎನ್ನುವುದಕ್ಕೆ ಸಮಯ ಸಿಗುವುದಿಲ್ಲ. ತುಂಬಿದ ದಿನಾಂಕದ ಕಾಲಂ ಇಲ್ಲಿ ನೆರವಿಗೆ ಬರುತ್ತದೆ: ಕಂಟ್ರೋಲ್ ಮತ್ತು ಅರ್ಧವಿರಾಮದ ಕೀ ಒಟ್ಟಿಗೆ ಒತ್ತಿದರೆ ಅಂದಿನ ದಿನಾಂಕ ಬೀಳುತ್ತದೆ. ಕಂಡೀಶನಲ್ ಫಾರ್ಮ್ಯಾಟಿಂಗ್‌ನಲ್ಲಿ, ಇಂದಿನ ದಿನಾಂಕಕ್ಕೂ ತುಂಬಿದ ದಿನಾಂಕಕ್ಕೂ 7 ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಆ ಸಾಲು ಬೂದು ಬಣ್ಣಕ್ಕೆ ತಿರುಗುವಂತೆ ಸೂತ್ರ ಹಾಕಿ. ಹಳಸಿದ ಅಂಕಿ ಹಸಿರಾಗಿ ನಗುತ್ತಿರುವುದಕ್ಕಿಂತ ಬೂದಾಗಿ ಸುಮ್ಮನಿರುವುದು ವಾಸಿ.

ಭರವಸೆಯ ಕಾಲಂ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸಿದ್ಧ ತಂತ್ರಾಂಶಗಳಿಗಿಂತ ಶೀಟ್ ಮೇಲುಗೈ ಸಾಧಿಸುವುದು ಇಲ್ಲಿ. ತ್ರೈಮಾಸಿಕಕ್ಕೆ 13 ವಾರ. ಆರನೆಯ ವಾರ ಮುಗಿದಾಗ 46% ಸಮಯ ಕಳೆದಿರುತ್ತದೆ. ಹಲವು ಓಕೆಆರ್ ತಂತ್ರಾಂಶಗಳು ಪ್ರಗತಿಯೂ ಅಷ್ಟೇ ಆಗಿರಬೇಕೆಂದು ಸರಳರೇಖೆ ಎಳೆದು, ಕಡಿಮೆಯಿದ್ದರೆ ‘ಹಿಂದಿದೆ’ ಎಂದು ಕೆಂಪು ಬಳಿಯುತ್ತವೆ. ಎಲ್ಲ ಕೆಲಸವೂ ಸರಳರೇಖೆಯಲ್ಲಿ ಸಾಗುವುದಿಲ್ಲ. ದೂರು ನಿರ್ವಹಣೆಯ ಹೊಸ ವ್ಯವಸ್ಥೆ ಎಂಟನೆಯ ವಾರ ಚಾಲನೆಗೆ ಬರುವುದಾದರೆ ಅಲ್ಲಿಯವರೆಗೆ ಸರಾಸರಿ ಗಂಟೆಗಳು ಕದಲುವುದೇ ಇಲ್ಲ. ಅದು ತಪ್ಪೂ ಅಲ್ಲ. ಅದಕ್ಕೇ ಪ್ರಗತಿಯನ್ನು ಸೂತ್ರ ಹೇಳಲಿ, ‘ಮುಟ್ಟುತ್ತೇವೆ’ ಎಂಬ ಭರವಸೆಯನ್ನು ಹೊಣೆ ಹೊತ್ತವರು ಹತ್ತಕ್ಕೆ ಇಷ್ಟು ಎಂದು ಪ್ರತ್ಯೇಕವಾಗಿ ತುಂಬಲಿ. ಎತ್ತರದ ಗುರಿಗೆ ಮೊದಲ ವಾರ 5 ಇರುವುದು ಸರಿ. ಮೊದಲ ವಾರವೇ 9 ಎಂದರೆ ಗುರಿಯನ್ನು ತೀರ ಕೆಳಗಿಟ್ಟಿದ್ದೀರಿ. ಮೀಟಿಂಗಿನಲ್ಲಿ ಎಲ್ಲ ಸಾಲನ್ನೂ ಓದಬೇಕಾಗಿಲ್ಲ. ಹಿಂದಿನ ವಾರಕ್ಕಿಂತ ಭರವಸೆ 2 ಅಥವಾ ಹೆಚ್ಚು ಇಳಿದ ಸಾಲುಗಳನ್ನು ಮಾತ್ರ ಎತ್ತಿಕೊಳ್ಳಿ. ಹನ್ನೆರಡು ಸಾಲಿನಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಇರುತ್ತವೆ, ಇಪ್ಪತ್ತು ನಿಮಿಷಕ್ಕೆ ಧಾರಾಳ.

ಪ್ರಗತಿ ಕಡಿಮೆ, ಭರವಸೆ ಹೆಚ್ಚು ಎಂದು ನಾಲ್ಕು ವಾರ ಹಾಗೇ ಸಾಗಿದರೆ ಟಿಪ್ಪಣಿಯಲ್ಲಿ ಒಂದು ತಾರೀಕು ಕೇಳಿ: ಅಂಕಿ ಕದಲಲು ಶುರುವಾಗುವುದು ಯಾವ ವಾರ? ಉತ್ತರ ಬರದಿದ್ದರೆ ಆ ಭರವಸೆಗೆ ಬುಡವಿಲ್ಲ.

ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಶುರುವಾಗಿ, ಮುಂದೆ ಗ್ಯಾರಿ ಲೇಥಮ್ ಜೊತೆ ಸೇರಿ ಬೆಳೆಸಿದ ಗುರಿ ಸಿದ್ಧಾಂತದ ಸಾರವೂ ಇದಕ್ಕೆ ಹೊಂದುತ್ತದೆ. ‘ನಿಮ್ಮಿಂದಾದಷ್ಟು ಮಾಡಿ’ ಎನ್ನುವುದಕ್ಕಿಂತ ನಿರ್ದಿಷ್ಟವಾದ, ಕಷ್ಟದ ಗುರಿ ಕೊಟ್ಟಾಗ ಕೆಲಸ ಹೆಚ್ಚಾಗುತ್ತದೆ. ಆದರೆ ಅದಕ್ಕೆ ಗುರಿಯನ್ನು ಮನಸಾರೆ ಒಪ್ಪಿರಬೇಕು, ಎಲ್ಲಿದ್ದೇವೆ ಎಂಬುದು ಆಗಾಗ ತಿಳಿಯುತ್ತಿರಬೇಕು. ತ್ರೈಮಾಸಿಕದ ಕೊನೆಯ ವಾರ ಮಾತ್ರ ತೆರೆಯುವ ಶೀಟ್ ಎರಡನೆಯದನ್ನು ಕೊಡಲಾರದು.

ಆ ಒಂದು ಅಂಕ ಎಲ್ಲಿ ಹೋಯಿತು

ಶೀಟ್‌ನಲ್ಲಿ ‘ಈಗ’ ಸೆಲ್ ಮೇಲೆ ಹೊಸ ಅಂಕಿ ಬರೆದರೆ ಹಳೆಯದು ಅಳಿದಂತೆ. ಸೆಲ್‌ನ ಎಡಿಟ್ ಹಿಸ್ಟರಿಯಲ್ಲಿ, ವರ್ಷನ್ ಹಿಸ್ಟರಿಯಲ್ಲಿ ಅದು ಇರುತ್ತದೆ ನಿಜ, ಆದರೆ ಅಲ್ಲಿಂದ ಗ್ರಾಫ್ ಎಳೆಯಲಾಗದು. ಆದ್ದರಿಂದ ‘ವಾರದ ದಾಖಲೆ’ ಎಂಬ ಎರಡನೆಯ ಟ್ಯಾಬ್ ಬೇಕೇಬೇಕು: ಪ್ರತಿ ವಾರ, ಪ್ರತಿ ಅಳತೆಗೆ ಒಂದು ಹೊಸ ಸಾಲು, ಅಂಕಿ ಮತ್ತು ಭರವಸೆಯೊಂದಿಗೆ. 12 ಅಳತೆ, 13 ವಾರ ಎಂದರೆ 156 ಸಾಲು, ಅಷ್ಟೇ. ಮೊದಲ ಟ್ಯಾಬಿನ ‘ಈಗ’ ಈ ದಾಖಲೆಯ ಕೊನೆಯ ಅಂಕಿಯನ್ನು ಎತ್ತಿಕೊಳ್ಳಲಿ. ಪಕ್ಕದಲ್ಲಿ ಸ್ಪಾರ್ಕ್‌ಲೈನ್ ಫಂಕ್ಷನ್ ಹಾಕಿದರೆ ಹದಿಮೂರು ವಾರಗಳ ಪುಟ್ಟ ಗೆರೆ ಒಂದೇ ಸೆಲ್‌ನಲ್ಲಿ ಕಾಣುತ್ತದೆ.

ಎರಡನೆಯ ಕೊರತೆ ಗಂಭೀರವಾದದ್ದು. ಫೈಲ್ ತಿದ್ದಬಲ್ಲ ಯಾರು ಬೇಕಾದರೂ ಹತ್ತನೆಯ ವಾರ ಸದ್ದಿಲ್ಲದೆ 24ನ್ನು 32 ಮಾಡಿಬಿಡಬಹುದು. ‘ಆರಂಭ’ ಮತ್ತು ‘ತಲುಪಬೇಕಾದದ್ದು’ ಕಾಲಂಗಳನ್ನು ಎರಡನೆಯ ವಾರ ಮುಗಿದ ಮೇಲೆ ಪ್ರೊಟೆಕ್ಟ್ ಮಾಡಿ, ತಿದ್ದುವ ಅಧಿಕಾರ ಒಬ್ಬರಿಗಷ್ಟೇ ಬಿಡಿ. ಫೈಲ್ ಮಾಲೀಕರಿಗೆ ಈ ಬೇಲಿ ಅಡ್ಡಿಯಾಗುವುದಿಲ್ಲ, ಹಾಗಾಗಿ ಮಾಲೀಕತ್ವ ಗುರಿ ಹೊತ್ತ ತಂಡದ ಹೊರಗಿರಲಿ. ಬೇಲಿಯೇ ಎದ್ದು ಹೊಲ ಮೇಯುವ ದಾರಿ ಅಷ್ಟರಮಟ್ಟಿಗೆ ಮುಚ್ಚುತ್ತದೆ. ಗುರಿ ಬದಲಾಗಲೇಬೇಕಾದ ಸಂದರ್ಭಗಳೂ ಇರುತ್ತವೆ. ಆಗ ಹಳೆಯ ಸಾಲಿಗೆ ‘ಕೈಬಿಟ್ಟಿದೆ’ ಎಂದು ಬರೆದು, ಅದುವರೆಗಿನ ಅಂಕ ಹಾಗೇ ಉಳಿಸಿ, ಹೊಸ ಸಾಲು ತೆರೆಯಿರಿ.

ತಂಡಗಳು ಐದಾರು ದಾಟಿದ ಮೇಲೆ ನಿಜವಾದ ಬಿರುಕು ಕಾಣುತ್ತದೆ. ತಂಡಕ್ಕೊಂದು ಫೈಲ್ ಮಾಡಿ, ಇಂಪೋರ್ಟ್‌ರೇಂಜ್ ಮೂಲಕ ಒಂದು ಮುಖ್ಯ ಫೈಲ್‌ಗೆ ಎಳೆದುಕೊಳ್ಳುವುದು ಎಲ್ಲರೂ ಹಿಡಿಯುವ ದಾರಿ. ಆ ಫಂಕ್ಷನ್‌ನಲ್ಲಿ ಕಾಲಂ ವಿಳಾಸ ಬರಿಯ ಪಠ್ಯವಾಗಿರುತ್ತದೆ. ತಂಡದವರು ತಮ್ಮ ಫೈಲ್‌ನಲ್ಲಿ ನಡುವೆ ಒಂದು ಕಾಲಂ ಸೇರಿಸಿದರೆ ಅಥವಾ ಅಳಿಸಿದರೆ ಮುಖ್ಯ ಫೈಲ್‌ನ ವಿಳಾಸ ಜರುಗುವುದಿಲ್ಲ. ಪಕ್ಕದ ಕಾಲಂನ ಅಂಕಿ ಯಾವ ದೋಷವನ್ನೂ ತೋರಿಸದೆ ಬಂದು ಕೂರುತ್ತದೆ. ಭರವಸೆಯ 7 ಬಂದು ಪ್ರಗತಿಯ ಜಾಗದಲ್ಲಿ 700% ಆಗಿ ಕಂಡರೆ ಪುಣ್ಯ, ಪತ್ತೆಯಾಗುತ್ತದೆ. ‘ತಲುಪಬೇಕಾದದ್ದು’ ಕಾಲಂನ 24 ಬಂದು ‘ಈಗ’ದ ಜಾಗದಲ್ಲಿ ಕೂತರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಕಾಲಂ ವಿಳಾಸದ ಬದಲು ಹೆಸರಿಟ್ಟ ರೇಂಜ್ (ಸೆಲ್‌ಗಳ ಗುಂಪಿಗೆ ಕೊಟ್ಟ ಹೆಸರು) ಬಳಸಿದರೆ ಈ ತೊಂದರೆ ತಪ್ಪುತ್ತದೆ, ಆದರೆ ಹತ್ತು ಫೈಲ್‌ಗಳಲ್ಲಿ ಆ ಶಿಸ್ತನ್ನು ಉಳಿಸಲು ಒಬ್ಬರು ಕಾವಲು ಕೂರಬೇಕಾಗುತ್ತದೆ. ಒಂದು ತಂಡದ ಗುರಿ ಇನ್ನೊಂದರ ಮೇಲೆ ಹೇಗೆ ಆತುಕೊಂಡಿದೆ ಎನ್ನುವುದನ್ನೂ ಶೀಟ್ ತೋರಿಸಲಾರದು. ಮಾರಾಟ ತಂಡ ಹೊಸ ಗ್ರಾಹಕರನ್ನು ದುಪ್ಪಟ್ಟು ಮಾಡಲು ಹೊರಟಿರುವಾಗ ನೆರವು ತಂಡ ಸಿಬ್ಬಂದಿ ಕಡಿತದ ಗುರಿ ಇಟ್ಟುಕೊಂಡಿದ್ದರೆ, ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತೆ. ಎರಡು ಫೈಲ್‌ಗಳಲ್ಲಿ ಎರಡೂ ಹಸಿರಾಗಿಯೇ ಇರುತ್ತವೆ.

ಬೇರೆ ಸಾಧನಗಳು

ಜಿರಾ ಕೆಲಸದ ಹರಿವನ್ನು ನೋಡಲು ಒಳ್ಳೆಯದು, ತಂಡದ ಗುರಿ ಅಳೆಯಲು ಅದರ ಸ್ಟೋರಿ ಪಾಯಿಂಟುಗಳನ್ನು ಬಳಸಬಾರದು. ‘ಪ್ರತಿ ಸ್ಪ್ರಿಂಟ್‌ಗೆ (ಕೆಲವು ವಾರಗಳ ಕೆಲಸದ ಸುತ್ತಿಗೆ) 40 ಪಾಯಿಂಟಿನಿಂದ 50ಕ್ಕೆ’ ಎಂದು ಗುರಿ ಇಟ್ಟ ಕೂಡಲೇ, ನಿನ್ನೆ 3 ಪಾಯಿಂಟ್ ಇದ್ದ ಕೆಲಸಕ್ಕೆ ಇಂದು 5 ಬೀಳುತ್ತದೆ. ಪಾಯಿಂಟು ತಂಡವೇ ತನ್ನ ಯೋಜನೆಗಾಗಿ ಹಾಕಿಕೊಳ್ಳುವ ಅಂದಾಜು, ಅದಕ್ಕೆ ಹೊರಗಿನ ಗಜಕಡ್ಡಿ ಇಲ್ಲ. ತಂತ್ರಾಂಶ ತಂಡಕ್ಕೆ ಹೊರಗಿನ ಅಳತೆಯೇ ಬೇಕೆಂದರೆ ಎಷ್ಟು ಬಾರಿ ಬಿಡುಗಡೆ, ಬದಲಾವಣೆ ಬಳಕೆದಾರರನ್ನು ತಲುಪಲು ಎಷ್ಟು ಹೊತ್ತು, ಬಿಡುಗಡೆಗಳಲ್ಲಿ ಕೈಕೊಟ್ಟ ಪಾಲು, ಕೆಟ್ಟದ್ದು ಸರಿಯಾಗಲು ಹಿಡಿದ ಸಮಯ ಎಂಬ ನಾಲ್ಕು ಇವೆ. ಡೋರಾ ಅಳತೆಗಳೆಂದು ಹೆಸರಾದವು ಇವೇ.

ಅಸಾನಾದ ಗುರಿ ವಿಭಾಗ ನೋಡಲು ಚೊಕ್ಕಟ, ಉಪಗುರಿಗಳ ಏಣಿ ಕಟ್ಟುವುದು ಸುಲಭ. ಪ್ರಗತಿಯನ್ನು ಕೈಯಾರೆ ತುಂಬಬಹುದು, ಅಥವಾ ಪ್ರಾಜೆಕ್ಟ್, ಟಾಸ್ಕ್‌ಗಳಿಂದ ತಾನಾಗಿ ಬರುವಂತೆ ಮಾಡಬಹುದು. ಎರಡನೆಯದು ಆಕರ್ಷಕ, ಅಪಾಯಕಾರಿಯೂ ಹೌದು. ಇಪ್ಪತ್ತು ಟಾಸ್ಕ್‌ಗಳಲ್ಲಿ ಹದಿನೆಂಟು ಮುಗಿದರೆ 90% ಎನ್ನುತ್ತದೆ, ದೂರು ಮುಗಿಸುವ ಸಮಯ 48 ಗಂಟೆಯಲ್ಲೇ ನಿಂತಿದ್ದರೂ. ಬಳಸುವುದಾದರೆ ಅಂಕಿಯನ್ನು ಕೈಯಾರೆ ತುಂಬುವ ಆಯ್ಕೆಯನ್ನೇ ಹಾಕಿಕೊಳ್ಳಿ.

ಓಕೆಆರ್‌ಗೆಂದೇ ಇರುವ ತಂತ್ರಾಂಶಗಳು ಹತ್ತಕ್ಕಿಂತ ಹೆಚ್ಚು ತಂಡಗಳಿರುವಲ್ಲಿ ಬೆಲೆಗೆ ತಕ್ಕ ಕೆಲಸ ಮಾಡುತ್ತವೆ. ತಂಡಗಳ ನಡುವಿನ ಕೊಂಡಿಯ ನಕ್ಷೆ, ವಾರದ ನೆನಪೋಲೆ, ಬೇರೆ ವ್ಯವಸ್ಥೆಗಳಿಂದ ಅಂಕಿ ಎಳೆದುಕೊಳ್ಳುವ ಜೋಡಣೆ, ಇವು ಶೀಟ್‌ನಲ್ಲಿ ಸಲೀಸಾಗಿ ಆಗದ ಕೆಲಸಗಳು. ಕೊಳ್ಳುವ ಮೊದಲು ಪರೀಕ್ಷಿಸಬೇಕಾದವು ಮೂರು. ಇಳಿಸುವ ಅಳತೆಯೊಂದನ್ನು ತುಂಬಿ ಪ್ರಗತಿಯ ಲೆಕ್ಕ ಸರಿ ಬರುತ್ತದೆಯೇ ನೋಡಿ. ನಡುವೆ ಗುರಿ ಬದಲಿಸಿ, ಅದರ ಕುರುಹು ಎಲ್ಲರಿಗೂ ಕಾಣುತ್ತದೆಯೇ ನೋಡಿ. ವಾರವಾರದ ಇತಿಹಾಸ ಸಮೇತ ಎಲ್ಲವನ್ನೂ ಸಿಎಸ್‌ವಿ ಫೈಲಾಗಿ ಹೊರತೆಗೆದು ತೆರೆದು ನೋಡಿ. ಮೂರನೆಯದನ್ನು ಹಗುರವಾಗಿ ಎಣಿಸಬೇಡಿ. ಮೈಕ್ರೋಸಾಫ್ಟ್ 2021ರ ಅಕ್ಟೋಬರ್‌ನಲ್ಲಿ ಆ್ಯಲಿ ಡಾಟ್ ಐಓ ಎಂಬ ಓಕೆಆರ್ ಕಂಪನಿಯನ್ನು ಕೊಂಡು, 2022ರಲ್ಲಿ ವಿವಾ ಗೋಲ್ಸ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. 2025ರ ಡಿಸೆಂಬರ್ 31ಕ್ಕೆ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅಷ್ಟು ದೊಡ್ಡ ಕಂಪನಿಯ ಸಾಧನಕ್ಕೂ ಬಾಳಿಕೆಯ ಖಾತರಿ ಇಲ್ಲವೆಂದ ಮೇಲೆ, ನಿಮ್ಮ ಅಂಕಿಗಳನ್ನು ಹೊರತರುವ ಬಾಗಿಲು ಮೊದಲ ದಿನವೇ ಗೊತ್ತಿರಬೇಕು.

ಯಾವ ಸಾಧನವೂ ಸರಿಪಡಿಸದ ತಪ್ಪು

ಪ್ರಗತಿಯ ಅಂಕವನ್ನು ಬೋನಸ್‌ಗೆ ನೇರವಾಗಿ ಕಟ್ಟಿದರೆ ಮುಂದಿನ ತ್ರೈಮಾಸಿಕದಿಂದ ಎಲ್ಲ ಗುರಿಗಳೂ ಕುಳ್ಳಗಾಗುತ್ತವೆ. ಅದು ಕಡಿಮೆ ಕೆಟ್ಟ ಫಲ. ಹೆಚ್ಚು ಕೆಟ್ಟದ್ದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಉದಾಹರಣೆ. ಪ್ರತಿ ಮನೆಗೆ ಬ್ಯಾಂಕಿನ ಎಂಟು ಉತ್ಪನ್ನಗಳು ಎಂಬ ಗುರಿಯ ಒತ್ತಡದಲ್ಲಿ ನೌಕರರು ಗ್ರಾಹಕರಿಗೆ ತಿಳಿಯದಂತೆ ಲಕ್ಷಾಂತರ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕು 18.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು, ಸುಮಾರು 5,300 ನೌಕರರನ್ನು ತೆಗೆದುಹಾಕಿದ್ದು ಬಯಲಾಯಿತು. 2020ರಲ್ಲಿ ಇನ್ನೂ 300 ಕೋಟಿ ಡಾಲರ್‌ನ ಇತ್ಯರ್ಥವಾಯಿತು. ಅಲ್ಲಿ ಗುರಿ ನಿರ್ದಿಷ್ಟವಾಗಿತ್ತು, ಅಳತೆ ಕರಾರುವಾಕ್ಕಾಗಿತ್ತು, ಅಂಕಿ ದಿನದಿನವೂ ಕಣ್ಣೆದುರಿಗಿತ್ತು. ತೆರೆದ ಖಾತೆಯನ್ನು ಗ್ರಾಹಕ ಬಳಸುತ್ತಿದ್ದಾನೆಯೇ ಎನ್ನುವ ಅಳತೆಗೆ ಮಾತ್ರ ಅಷ್ಟೇ ತೂಕ ಇರಲಿಲ್ಲ.

ಇದಕ್ಕೆ ಗ್ರೋವ್ ಹೇಳಿದ ಉಪಾಯ ಜೋಡಿ ಅಳತೆ: ಪ್ರಮಾಣ ಅಳೆಯುವ ಪ್ರತಿ ಅಂಕಿಯ ಪಕ್ಕ, ಆ ಪ್ರಮಾಣದ ಆತುರದಲ್ಲಿ ಯಾವ ಗುಣ ಕೆಡಬಹುದೋ ಅದರ ಅಂಕಿ. ದೂರು ಮುಗಿಸುವ ಸಮಯಕ್ಕೆ ‘ಮತ್ತೆ ತೆರೆದ ದೂರುಗಳ ಪಾಲು’ ಜೋಡಿ. ನೇಮಕಾತಿಯ ವೇಗಕ್ಕೆ ‘ಆರು ತಿಂಗಳೊಳಗೆ ಬಿಟ್ಟುಹೋದವರು’ ಜೋಡಿ. ಶೀಟ್‌ನಲ್ಲಿ ಇದಕ್ಕೆ ಎರಡು ಕಾಲಂ ಸಾಕು, ಜೋಡಿಯ ಅಂಕಿ ಮತ್ತು ಅದು ದಾಟಬಾರದ ಗೆರೆ. ಗೆರೆ ದಾಟಿದ ವಾರ, ಮುಖ್ಯ ಪ್ರಗತಿ 0.9 ಇದ್ದರೂ ಸೆಲ್ ಕೆಂಪಾಗುವಂತೆ ಕಂಡೀಶನಲ್ ಫಾರ್ಮ್ಯಾಟಿಂಗ್ ಹಾಕಿ. ಜೋಡಿಗೆ ಪ್ರಗತಿಯ ಅಂಕ ಕೊಡಬೇಡಿ, ಕೊಟ್ಟರೆ ಅದೂ ಸರಾಸರಿಯೊಳಗೆ ಸೇರಿ ಮಾಯವಾಗುತ್ತದೆ.

ತ್ರೈಮಾಸಿಕ ಮುಗಿಸುವಾಗ

ಕೊನೆಯ ಅಂಕಿ ತುಂಬಿದ ದಿನ ವರ್ಷನ್ ಹಿಸ್ಟರಿಯಲ್ಲಿ ಆ ಸ್ಥಿತಿಗೆ ಹೆಸರು ಕೊಟ್ಟು ಉಳಿಸಿ, ಇಡೀ ಟ್ಯಾಬನ್ನು ಪ್ರೊಟೆಕ್ಟ್ ಮಾಡಿ, ಹೊಸ ತ್ರೈಮಾಸಿಕಕ್ಕೆ ಅದರ ನಕಲು ತೆಗೆಯಿರಿ. ನಕಲಿನಲ್ಲಿ ಹೊಸ ‘ಆರಂಭ’ಕ್ಕೆ ಹೋಗಬೇಕಾದದ್ದು ನಿಜವಾಗಿ ತಲುಪಿದ ಅಂಕಿ. ಅವಸರದಲ್ಲಿ ಹಲವರು ಹಳೆಯ ಗುರಿಯನ್ನೇ ಅಲ್ಲಿ ತುಂಬುತ್ತಾರೆ. 48ರಿಂದ ಶುರುಮಾಡಿ, 24 ಗಂಟೆಯ ಗುರಿಯಿಟ್ಟು 30ಕ್ಕೆ ತಲುಪಿದ ತಂಡ, ಮುಂದಿನ ಗುರಿ 18 ಎಂದಿಟ್ಟು, ಆರಂಭ 24 ಎಂದು ತುಂಬಿದರೆ, ಮೊದಲ ದಿನವೇ ಪ್ರಗತಿಯ ಸೆಲ್‌ನಲ್ಲಿ ಋಣ 1.0 ಕಾಣುತ್ತದೆ. ತಂಡ ನಿಜಕ್ಕೂ 18 ಗಂಟೆ ಕೆಳಗಿಳಿಸಿ ಬಂದಿರುವಾಗ.